ಕೊಲ್ಹಾಪುರದ ದಸರಾ, ಕಿತ್ತೂರಿನ ಉತ್ಸವ: ಮನೆಮಂದಿಯೊಂದಿಗೆ ಎರಡನ್ನೂ ನೋಡಿ ಬಂದ ಮೇಲೆ

ಗಡಹಿಂಗ್ಲಜದ ನಮಗೆ ಒಂದು ಕಡೆ ಕೊಲ್ಹಾಪುರ, ಇನ್ನೊಂದು ಕಡೆ ಸಂಕೇಶ್ವರ ದಾಟಿದರೆ ಬೆಳಗಾವಿ, ಅಲ್ಲಿಂದ ಮುಂದೆ ಕಿತ್ತೂರು. 2024ರ ಅಕ್ಟೋಬರ್‌ನಲ್ಲಿ ಎರಡೂ ಕಡೆ ಹೋಗಿ ಬಂದೆವು. 12ರಂದು ಕೊಲ್ಹಾಪುರದ ದಸರಾ, 23ರಂದು ಕಿತ್ತೂರು ಉತ್ಸವ. ನಾನು, ಯಜಮಾನರು, ಎಪ್ಪತ್ತು ದಾಟಿದ ಅತ್ತೆ, ಐದನೆಯ ತರಗತಿಯ ಮಗಳು, ಏಳು ವರ್ಷದ ಮಗ. ಬುತ್ತಿಯಲ್ಲಿ ಎರಡೂ ಸಲ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಕೊಲ್ಹಾಪುರದಲ್ಲಿ ನಡೆಯುವುದು ಸೀಮೋಲ್ಲಂಘನ. ಮಳೆಗಾಲ ಮುಗಿದೊಡನೆ ಅರಸರು ಸೀಮೆ ದಾಟಿ ದಂಡಯಾತ್ರೆಗೆ ಹೊರಡುತ್ತಿದ್ದ ಕಾಲದ ಪದ್ಧತಿ ಅದು. ಊರದೇವತೆ ಅಂಬಾಬಾಯಿಯ (ಮಹಾಲಕ್ಷ್ಮಿಯ) ಪಲ್ಲಕ್ಕಿ ದಸರಾ ಚೌಕಕ್ಕೆ ಬರುತ್ತದೆ, ಛತ್ರಪತಿ ಮನೆತನದವರು ಹಳೆಯ ಮೇಬ್ಯಾಕ್ ಕಾರಿನಲ್ಲಿ ಬರುತ್ತಾರೆ. ಹೊತ್ತು ಮುಳುಗುವಾಗ ಪೂಜೆ ಮುಗಿದದ್ದೇ ತಡ, ಜನ ಎಲೆಗಳನ್ನು ಬಂಗಾರವೆಂದು ಲೂಟಿ ಮಾಡುತ್ತಾರೆ. ವೇಷ ಹಾಕಿದವರ ಆಟವಲ್ಲ ಇದು, ಅದೇ ಮನೆತನದವರು ಅದೇ ಊರಿನಲ್ಲಿ ಮಾಡುವ ಪೂಜೆ. ಆ ತೂಕ ಬೇರೆಲ್ಲೂ ಸಿಗದು. ಆದರೆ ಮಗ ಅಪ್ಪನ ಹೆಗಲೇರಿದ್ದರಿಂದ ಅವನಿಗಷ್ಟೇ ಪಲ್ಲಕ್ಕಿ ಕಂಡಿತು. ಅತ್ತೆಗೆ ಕಂಡದ್ದು ಬರೀ ಜನರ ಬೆನ್ನು.

ನನ್ನ ಮನಸ್ಸಿನಲ್ಲಿ ನಿಂತದ್ದು ಅದಕ್ಕೂ ಮುಂಚೆ ನೋಡಿದ ಮರ್ದಾನಿ ಖೇಳ್, ಅಂದರೆ ಮರಾಠರ ಹಳೆಯ ಶಸ್ತ್ರವಿದ್ಯೆಯ ಆಟ. ಹದಿನೈದರ ಆಸುಪಾಸಿನ ಹುಡುಗಿಯೊಬ್ಬಳು ಪಟ್ಟಾ ತೊಟ್ಟಿದ್ದಳು. ಪಟ್ಟಾ ಎಂದರೆ ಮೊಣಕೈವರೆಗೆ ಮುಚ್ಚುವ ಕಬ್ಬಿಣದ ಕೈಗವಸು, ಅದರ ತುದಿಗೆ ಎರಡಂಚಿನ ಉದ್ದನೆಯ, ಬಳುಕುವ ಅಲಗು. ಹಿಡಿ ಗವಸಿನ ಒಳಗೇ ಅಡ್ಡಕ್ಕಿರುವುದರಿಂದ ಮಣಿಕಟ್ಟು ಅಲುಗುವುದಿಲ್ಲ, ಭುಜ ಸೊಂಟ ಎಲ್ಲ ಸೇರಿ ತಿರುಗಬೇಕು. ನೆಲದ ಮೇಲೆ ಸಾಲಾಗಿಟ್ಟ ಲಿಂಬೆಹಣ್ಣುಗಳನ್ನು ಆಕೆ ಗಿರ್ರನೆ ತಿರುಗುತ್ತಲೇ ಒಂದೊಂದಾಗಿ ಹೋಳು ಮಾಡಿದಳು. ಆಮೇಲೆ ನನ್ನ ಮಗಳನ್ನು ಕರೆದು ಗವಸಿನೊಳಗೆ ಕೈ ಹಾಕಿಸಿದಳು. ಮಗಳ ತೋಳು ಭಾರಕ್ಕೆ ಜಗ್ಗಿ ಅಲಗಿನ ತುದಿ ನೆಲ ಮುಟ್ಟಿತು. ಹಿಂದಿನ ವರ್ಷ ಅವಳು ಓದಿದ ಇತಿಹಾಸದ ಪುಸ್ತಕದ ತುಂಬ ಶಿವಾಜಿ ಮಹಾರಾಜರೇ. ಆ ಓದಿಗೆ ತೂಕ ಬಂದದ್ದು ಆ ಕ್ಷಣದಲ್ಲಿ.

ಕಿತ್ತೂರಿನಲ್ಲಿ ದಿನವೇ ಬೇರೆ ಬಗೆಯದು. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ, ಕಿತ್ತೂರು ಗೆದ್ದಿತು. ನಾವು ಹೋದದ್ದು ಸರಿಯಾಗಿ ಇನ್ನೂರನೆಯ ವರ್ಷ. ಮೆರವಣಿಗೆಯಲ್ಲಿ ಕುದುರೆಯ ಮೇಲೆ ಚೆನ್ನಮ್ಮನಾಗಿ ಕುಳಿತ ಹುಡುಗಿ, ಸುತ್ತ ಡೊಳ್ಳು, ಕರಡಿ ಮಜಲು. ವೇಷಭೂಷಣ ಜರಿಯಂಗಡಿಯದು, ಕತ್ತಿ ರಟ್ಟಿನದು. ಕೊಲ್ಹಾಪುರದ ಕಸುಬಿನ ಮುಂದೆ ಇದು ನಿಲ್ಲದು. ರಾತ್ರಿಯ ವೇದಿಕೆಯೂ ನಮಗೆ ಹಿಡಿಸಲಿಲ್ಲ.

ಆದರೂ ಒಂದೇ ದಿನ ಬಿಡುವಿದೆ, ಎಲ್ಲಿಗೆ ಹೋಗಲಿ ಎಂದು ಯಾರಾದರೂ ಕೇಳಿದರೆ ಕಿತ್ತೂರು ಎನ್ನುತ್ತೇನೆ. ಕೊಲ್ಹಾಪುರದಲ್ಲಿ ಅತ್ತೆ ಇಡೀ ದಿನ ಸುಮ್ಮನಿದ್ದರು, ಅವರ ಮರಾಠಿ ಸಂತೆಗೆ ಸಾಲುವಷ್ಟು ಮಾತ್ರ. ಇಲ್ಲಿ ಅವರೇ ಮುಂದೆ. ಥ್ಯಾಕರೆಗೆ ಗುಂಡಿಟ್ಟ ಅಮಟೂರು ಬಾಳಪ್ಪನ ಕಥೆ ಹೇಳಿದರು, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮ ತೀರಿಕೊಂಡದ್ದನ್ನು ಹೇಳುವಾಗ ಕಣ್ಣೊರೆಸಿಕೊಂಡರು. ಮೊಮ್ಮಕ್ಕಳು ಅವರ ಸೆರಗು ಹಿಡಿದೇ ಕೋಟೆ ಸುತ್ತಿದರು. ಪಾಳುಬಿದ್ದ ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲು ಬಿಟ್ಟ ಕಿಂಡಿಯೊಂದಿದೆ. ಹಗಲಲ್ಲಿ ಕಾಣುವುದು ಬೆರಳಗಲದ ಆಕಾಶ ಮಾತ್ರ. ಮಗಳು ಮೂರು ಸಲ ಕಣ್ಣಿಟ್ಟು ನೋಡಿದಳು. ‘ಆಯಿ, ರಾಣಿಯೂ ಇಲ್ಲೇ ನಿಂತು ನೋಡುತ್ತಿದ್ದಳೇ?’ ಎಂದು ಕೇಳಿದಳು.

ಜೂನ್ 6ರ ರಾಯಗಡ ಕೋಟೆಯ ಶಿವಾಜಿ ಪಟ್ಟಾಭಿಷೇಕೋತ್ಸವವನ್ನು ಮದುವೆಯಾದ ಹೊಸದರಲ್ಲಿ ನೋಡಿದ್ದೆ. ಸಾವಿರದ ಏಳುನೂರು ಮೀರಿದ ಮೆಟ್ಟಿಲು, ಮಳೆ, ಜನಸಾಗರ. ಮಕ್ಕಳು ದೊಡ್ಡವರಾಗುವವರೆಗೆ ಬೇಡ. ಕೊಲ್ಹಾಪುರಕ್ಕೆ ಹೋಗುವವರು ಮಧ್ಯಾಹ್ನವೇ ತಲುಪಿ ಮರ್ದಾನಿ ಖೇಳ್ ನೋಡಿ, ವಯಸ್ಸಾದವರು ಜೊತೆಗಿದ್ದರೆ ನೂಕುನುಗ್ಗಲಿಗೆ ಮುಂಚೆ ಹೊರಟುಬಿಡಿ. ಬನ್ನಿ ಕೊಟ್ಟು ‘ಬಂಗಾರದಂತಿರೋಣ’ ಎನ್ನಲು ನಮ್ಮ ಓಣಿಯೇ ಇದೆ.

ವಾರ ಕಳೆದು ದೀಪಾವಳಿ ಬಂತು. ಮಕ್ಕಳು ಎಂದಿನಂತೆ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿದರು, ಪೇಟೆಯಿಂದ ತಂದ ಮಾವಳೆಗಳನ್ನು, ಅಂದರೆ ಶಿವಾಜಿಯ ಸೈನಿಕರ ಗೊಂಬೆಗಳನ್ನು, ಬುರುಜಿನ ಮೇಲೆ ನಿಲ್ಲಿಸಿದರು. ಗೋಡೆ ಇನ್ನೂ ಹಸಿಯಿರುವಾಗಲೇ ಮಗಳು ಪೆನ್ಸಿಲ್ ಚುಚ್ಚಿ ಉತ್ತರಕ್ಕೊಂದು ತೂತು ಬಿಟ್ಟಳು. ಆ ರಾತ್ರಿ ಅತ್ತೆಯನ್ನು ಕರೆದು, ಮಂಡಿಯೂರಿ ಕೂರಿಸಿ, ಅದರಲ್ಲಿ ಕಣ್ಣಿಡಲು ಹೇಳಿದಳು.