ನಡು ತಿರುಗಿದರೆ ಕೈ ತಿರುಗಬೇಕು: ತೈ ಚಿ ಕಲಿಕೆಯ ಮೂರು ದಾರಿಗಳು

ತೈ ಚಿ ಅಂದರೆ ಹೆಚ್ಚಾಗಿ ನಿಧಾನವಾಗಿ ಅಭ್ಯಾಸ ಮಾಡುವ ಚೀನಾದ ಸಮರಕಲೆ. ಅದರಲ್ಲಿ ಕೈ ತನ್ನಷ್ಟಕ್ಕೆ ಓಡಾಡಬಾರದು. ನಡು ತಿರುಗಿದಾಗ ಅದರ ಜೊತೆ ಬರಬೇಕು. ಮಾತು ಸುಲಭ, ಮೈಗೆ ಹತ್ತಿಸುವುದು ಕಷ್ಟ. ನಾನು ಮೂರು ದಾರಿಗಳಲ್ಲಿ ಅಭ್ಯಾಸ ಮಾಡಿ ನೋಡಿದ್ದೇನೆ. ನನ್ನ ಒಲವು ಮೂರನೆಯದರ ಕಡೆಗೆ, ಅಂದರೆ ಚೆನ್ ಎಂಬ ತೈ ಚಿ ಶೈಲಿಯ ಒಂಟಿ ಕೈ ಸುತ್ತಿನ ಕಡೆಗೆ.

ಮೊದಲನೆಯದು, 24 ಭಂಗಿಗಳ ಸರಣಿ. 1956ರಲ್ಲಿ ಚೀನಾದಲ್ಲಿ ಯಾಂಗ್ ಎಂಬ ಇನ್ನೊಂದು ಶೈಲಿಯಿಂದ ಸರಳಗೊಳಿಸಿದ್ದು ಇದು. ಕೈಕಾಲು ಎಲ್ಲಿಡಬೇಕು ಅಂತ ಮೊದಲು ಕಲಿತು, ನಡುವನ್ನು ಆಮೇಲೆ ಸೇರಿಸುವುದು ಸಾಮಾನ್ಯ ಕ್ರಮ. ಅಷ್ಟರಲ್ಲಿ ಭುಜ ಆ ಕೆಲಸವನ್ನು ತನ್ನದಾಗಿ ಮಾಡಿಕೊಂಡಿರುತ್ತದೆ. ಈ ಸರಣಿಯಲ್ಲಿ ಕೈಗಳು ಮೈಮುಂದೆ ಸರದಿಯಂತೆ ಸುತ್ತುವ ‘ಮೋಡದ ಕೈ’ ಭಂಗಿ ಮಾಡುವಾಗ ಹೊಕ್ಕುಳು ತಿರುಗುವುದನ್ನು ಅರ್ಧದಲ್ಲೇ ನಿಲ್ಲಿಸಿ ನೋಡಿ. ಕೈ ಇನ್ನೂ ಮುಂದೆ ಹೋದರೆ, ಅದನ್ನು ನಡೆಸುತ್ತಿರುವುದು ಭುಜ.

ಎರಡನೆಯದು, ಕೈಗಳನ್ನು ಸುಮ್ನೆ ಜೋಲುಬಿಟ್ಟು ಮೈ ತಿರುಗಿಸುವುದು. ತಕ್ಷಣ ಅರ್ಥವಾಗುತ್ತದೆ. ಭುಜ ಬಿಗಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ. ಆದರೆ ಇಲ್ಲಿ ಕೈ ಸತ್ತಂತೆ ಹಿಂದೆ ಬರುತ್ತದೆ. ತೈ ಚಿಯ ಕೈಯಲ್ಲಿ ‘ಪೆಂಗ್’ ಇರಬೇಕು, ಅಂದರೆ ಒಳಗಿಂದ ಹೊರಕ್ಕೆ ತುಂಬಿ ನಿಂತ ಹಗುರ ಬಲ. ಅದು ಇಲ್ಲಿ ಸಿಗುವುದಿಲ್ಲ.

ಮೂರನೆಯದು ಚೆನ್ ಶೈಲಿಯ ‘ಚಾನ್‌ಸಿಗಾಂಗ್’, ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಹಾಗೆ ಎಳೆ ಹರಿಯದಂತೆ ಸುತ್ತುವ ಅಭ್ಯಾಸ. ಕಾಲು ಅಗಲಿಸಿ ನಿಂತು ಒಂದೇ ಕೈಯನ್ನು ಸುತ್ತಿಸಬೇಕು. ಕೈ ಇಳಿದು ಹೊಟ್ಟೆಯ ಮುಂದೆ ಬರುತ್ತದೆ, ಎದೆಯ ಮುಂದಿನಿಂದ ಮೇಲೇರಿ ಹೊರಗೆ ತೆರೆಯುತ್ತದೆ. ಹೆಜ್ಜೆ ಇಲ್ಲ, ನೆನಪಿಡಬೇಕಾದ ಕ್ರಮವೂ ಇಲ್ಲ. ಹಾಗಾಗಿ ಗಮನವೆಲ್ಲ ಚಲನೆಯ ಕೇಂದ್ರ ಅನ್ನುವ, ಹೊಕ್ಕುಳ ಕೆಳಗಿನ ದಾನ್‌ತಿಯೆನ್ ಮೇಲೇ ಇರುತ್ತದೆ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ನಡು ತಿರುಗುತ್ತದೆ, ಮೊಣಕೈ ಇಳಿಯುತ್ತದೆ, ಕೊನೆಗೆ ಅಂಗೈ ಹೊರಳುತ್ತದೆ. ಕೈ ಮೇಲೇರಿ ಹೊರಗೆ ತೆರೆಯುವ ಜಾಗದಲ್ಲಿ ಭುಜಕ್ಕೆ ಆತುರ ಜಾಸ್ತಿ. ಅಲ್ಲಿ ನಿಧಾನಿಸಿದರೆ ಯಾರು ಯಾರನ್ನು ಎಳೆಯುತ್ತಿದ್ದಾರೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಈ ಸ್ಪಷ್ಟತೆ ನನಗೆ ಉಳಿದೆರಡರಲ್ಲಿ ಸಿಗಲಿಲ್ಲ.

ಇನ್ನೊಂದು ಲಾಭವೂ ಇದೆ. ‘ಸೊಂಟ ತಿರುಗಿಸಿ’ ಅಂದಾಗ ನಾವು ಕೆಳಬೆನ್ನನ್ನು ತಿರುಚಲು ಹೋಗುತ್ತೇವೆ, ಅಲ್ವಾ? ಆ ಭಾಗದ ಮೂಳೆಗಳು ತಿರುಗುವುದು ತೀರಾ ಕಡಿಮೆ. ಹೆಚ್ಚಿನ ತಿರುವು ಬರಬೇಕಾದದ್ದು ‘ಕ್ವಾ’ದಿಂದ, ಅಂದರೆ ತೊಡೆಸಂದಿನಿಂದ. ಬಿಡುವಾಗಿರುವ ಕೈಯ ಬೆರಳುಗಳನ್ನು ಅಲ್ಲಿಟ್ಟರೆ ಮಡಿಕೆ ಬೀಳುವುದು, ಬಿಚ್ಚಿಕೊಳ್ಳುವುದು ತಿಳಿಯುತ್ತದೆ. ಅದು ಮಡಿಯದಿದ್ದರೆ ತಿರುಚು ಮಂಡಿಗೆ ಇಳಿಯುತ್ತದೆ. ಮಂಡಿ ನೋವಿರುವವರು ನಿಲುವನ್ನು ಎತ್ತರವಾಗಿಯೇ ಇಟ್ಟುಕೊಳ್ಳಲಿ.

ಇದರ ಕೊರತೆ ಅಂದರೆ ಬೇಸರ. ಒಂದೇ ಸುತ್ತು, ಮತ್ತೆ ಅದೇ ಸುತ್ತು. ಎಲ್ಲರ ಜೊತೆ ಸೇರಿ ಮಾಡುವ ಖುಷಿ ಬೇಕಿದ್ದರೆ 24ರ ಸರಣಿಯೇ ಸರಿ. ಆದರೂ ಅದಕ್ಕೆ ಮುಂಚೆ ಎರಡೂ ಕೈಗೆ ಒಂದಷ್ಟು ಸುತ್ತು ಹಾಕಿ, ನೇರವಾಗಿ ‘ಮೋಡದ ಕೈ’ಗೆ ಹೋಗಿ. ಅದರಲ್ಲಿ ಎರಡು ಕೈಗಳೂ ಇದೇ ಸುತ್ತನ್ನು ಸರದಿಯಂತೆ ಹಾಕುತ್ತವೆ, ಹಾಗಾಗಿ ಕಲಿತದ್ದು ಅಲ್ಲಿ ಬೇಗ ಕೂಡಿಕೊಳ್ಳುತ್ತದೆ.