'ಇವತ್ತು ಬೆಳಿಗ್ಗೆ ಮಾಡಿದ್ದು' ಅಂದ್ರೆ ಆ ಮ್ಯಾಕರಾನ್ ಬಿಟ್ಟು ಬನ್ನಿ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮ್ಯಾಕರಾನ್, ಅಂದ್ರೆ ಎರಡು ಬಾದಾಮಿ ಚಿಪ್ಪಿನ ನಡುವೆ ಕ್ರೀಮ್ ತುಂಬಿದ ಫ್ರೆಂಚ್ ಸಿಹಿತಿಂಡಿ, ಕೊಳ್ಳೋಕೆ ಹೊರಟಿದ್ದೀರಾ? ಅದರಲ್ಲೂ ಮನೆಯ ಸಮಾರಂಭಕ್ಕೆ ಅಂತ ನೂರಿನ್ನೂರು ಒಟ್ಟಿಗೆ? ಹಾಗಾದ್ರೆ ಐದು ನಿಮಿಷ ಇದನ್ನು ಓದಿ. ನಾನು 325 ಡಾಲರ್ ಫೀಸು ಕಟ್ಟಿ ಕಲಿತದ್ದು, ನಿಮಗೆ ಪುಕ್ಕಟೆ.

ಹೋದ ವರ್ಷ ಇಲ್ಲೇ ಹತ್ತಿರದ ಫ್ರೀಮಾಂಟ್‌ನಲ್ಲಿ ತಂಗಿಯ ಸೀಮಂತ ಇತ್ತು. ಊರಿಂದ ಅಮ್ಮ, ತಂಗಿಯ ಅತ್ತೆ ಇಬ್ಬರೂ ಬಂದಿದ್ದರು. ಹೂವು, ಹಸಿರು ಬಳೆ, ಅಡುಗೆ ಎಲ್ಲ ಅವರ ಕೈಯಲ್ಲಿ. ತಂಗಿ ಬಾಯಿಬಿಟ್ಟು ಕೇಳಿದ್ದು ಒಂದೇ, ಮೇಜಿನ ಮೇಲೆ ಮ್ಯಾಕರಾನ್ ಗೋಪುರ ಬೇಕು ಅಂತ. ಆ ಕೆಲಸ ನನಗೆ ಬಿತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕೂತೆ, ಪ್ರವಾಸಿಗಳು ಗಿಜಿಗುಡುವ ಬೀದಿಯಲ್ಲಿ ಒಂದು ಅಂಗಡಿ ಸಿಕ್ಕಿತು, ಫೋಟೋದಲ್ಲಿ ಅದರ ಗಾಜಿನ ಕಪಾಟು ಥೇಟ್ ಬಳೆ ಅಂಗಡಿಯ ಹಾಗೆ, ಗುಲಾಬಿ, ಹಸಿರು, ನೇರಳೆ, ಸಾಲು ಸಾಲು. ಒಂದಕ್ಕೆ 3.25 ಡಾಲರ್. ನೂರಕ್ಕೆ ಹೇಳಿ, ಪೂರ್ತಿ ದುಡ್ಡು ಮುಂಗಡವಾಗಿಯೇ ಕೊಟ್ಟುಬಿಟ್ಟೆ. ಒಂದೂ ತಿಂದು ನೋಡಲಿಲ್ಲ. ಅಂಗಡಿಯ ಹೆಸರು ಇಲ್ಲಿ ಹೇಳಲ್ಲ, ಯಾಕಂದ್ರೆ ಇಂಥವು ಊರಿಗೆ ಹತ್ತು ಇರುತ್ತವೆ.

ಫೋನಿನಲ್ಲಿ ಎರಡು ಪ್ರಶ್ನೆ ಮಾತ್ರ ಕೇಳಿದ್ದೆ. ತಾಜಾನಾ? 'ಅದೇ ದಿನ ಬೆಳಿಗ್ಗೆ ಇಲ್ಲೇ ಮಾಡಿ ಕೊಡ್ತೀವಿ.' ವೆಜಿಟೇರಿಯನ್ನಾ? 'ಖಂಡಿತ.' ನನಗೆ ಖುಷಿಯೋ ಖುಷಿ.

ಎರಡನೇದನ್ನೇ ಮೊದಲು ಹೇಳ್ತೀನಿ. ಅದರಲ್ಲಿ ಅಂಗಡಿಯವರ ತಪ್ಪಿಲ್ಲ, ನನ್ನದೇ. ಅಮೆರಿಕದಲ್ಲಿ ವೆಜಿಟೇರಿಯನ್ ಅಂದ್ರೆ ಮೊಟ್ಟೆ ಸೇರಿಸಿಯೇ ಲೆಕ್ಕ. ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು, ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಅವತ್ತು ತಲೆಗೆ ಹೊಳೆಯಲಿಲ್ಲ. ಮ್ಯಾಕರಾನ್ ಚಿಪ್ಪಿನಲ್ಲಿ ಇರುವುದೇ ಮೂರು: ಬಾದಾಮಿ ಹಿಟ್ಟು, ಸಕ್ಕರೆ, ಮೊಟ್ಟೆಯ ಬಿಳಿ. ಅಮ್ಮ 'ಬಾದಾಮಿದಂತಲ್ಲ, ಕೊಡು' ಅಂತ ಒಂದು ತೆಗೆದುಕೊಂಡು ಅರ್ಧ ಕಚ್ಚಿದ ಮೇಲೆ ತಂಗಿಯ ಗೆಳತಿಯೊಬ್ಬಳು ಸುಮ್ನೆ ಮಾತಿಗೆ ಅಂತ ಮೊಟ್ಟೆಯ ಬಿಳಿಯನ್ನು ಹೇಗೆ ನೊರೆ ಬರಿಸುತ್ತಾರೆ ಅಂತ ವಿವರಿಸತೊಡಗಿದಳು. ಅಮ್ಮ ಏನೂ ಅನ್ನಲಿಲ್ಲ. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೊಟ್ಟೆ ತಿನ್ನದವರು ಮನೆಯಲ್ಲಿದ್ದರೆ 'ವೀಗನ್ (ಮೊಟ್ಟೆ, ಹಾಲು ಯಾವುದೂ ಇಲ್ಲದ) ಮ್ಯಾಕರಾನ್ ಇದೆಯಾ' ಅಂತಲೇ ಕೇಳಿ, ಕಾಬೂಲ್ ಕಡಲೆ ಬೇಯಿಸಿದ ನೀರನ್ನು ನೊರೆ ಬರಿಸಿ ಮಾಡುವವರು ಇದ್ದಾರೆ. ಒಳಗಿನ ಕ್ರೀಮಿಗೆ ಜೆಲಟಿನ್ ಹಾಕಿದ್ದಾರಾ, ಗುಲಾಬಿ ಬಣ್ಣಕ್ಕೆ ಕಾರ್ಮೈನ್ ಹಾಕಿದ್ದಾರಾ ಅಂತಲೂ ಕೇಳಿ. ಜೆಲಟಿನ್ ಅಂದ್ರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಅಂಟು, ಕಾರ್ಮೈನ್ ಅಂದ್ರೆ ಹುಳದಿಂದ ತೆಗೆಯುವ ಕೆಂಪು. 2011ರಿಂದ ಪ್ಯಾಕೆಟ್ ತಿಂಡಿಗಳ ಮೇಲೆ ಕಾರ್ಮೈನ್ ಹೆಸರು ಬರೆಯಲೇಬೇಕು ಅಂತ ಇಲ್ಲಿ ನಿಯಮವಿದೆ. ಬಿಡಿಯಾಗಿ ಕೊಂಡರೆ ಚೀಟಿ ಎಲ್ಲಿರುತ್ತೆ? ನೀವೇ ಕೇಳಬೇಕು.

ಈಗ ಮೊದಲನೇ ಪ್ರಶ್ನೆ, ತಾಜಾ ವಿಷಯ. ಅಸಲಿ ಮೋಸ ಇಲ್ಲೇ.

ಡಬ್ಬಿ ತೆಗೆದಾಗ ಮೇಲಿನ ಸಾಲು ಬೆವತಿತ್ತು. ನಿಜವಾಗಿ ಬೆವತಿತ್ತು, ಸಣ್ಣ ಸಣ್ಣ ನೀರಿನ ಹನಿ. ಕೆಳಗಿನವು ಕಾಗದಕ್ಕೆ ಅಂಟಿಕೊಂಡು, ಎತ್ತಿದರೆ ತಳ ಅಲ್ಲೇ ಉಳಿದು ಮುಚ್ಚಳ ಮಾತ್ರ ಕೈಗೆ ಬರುತ್ತಿತ್ತು. ಒಂದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ, ಪಾನಿಪುರಿ ಪೂರಿಯ ಹಾಗೆ ಕುಸಿಯಿತು. ಒಳಗೆ ಬರೀ ಗಾಳಿ. ತಂಗಿಯ ಅತ್ತೆ ಇನ್ನೊಂದನ್ನು ಒಡೆದು ನೋಡಿ, ಬಾಯಿಗೂ ಹಾಕದೆ ತಟ್ಟೆಯಲ್ಲಿಟ್ಟು, 'ಇದೇನೋ, ಹುಳ ತಿಂದು ಬಿಟ್ಟ ಬಾದಾಮಿ ಥರ ಇದೆ' ಅಂದರು. ಪಿಸ್ತಾ ಅಂತ ಹೇಳಿದ್ದಕ್ಕೆ ಪಿಸ್ತಾದ ಸುಳಿವೇ ಇಲ್ಲ, ಹಸಿರು ಬಣ್ಣ ಮತ್ತು ಬಾದಾಮಿ ಎಸೆನ್ಸ್, ಮೂಗಿಗೆ ಕೆಮ್ಮಿನ ಔಷಧಿಯ ವಾಸನೆ. ಜಗತ್ತಿನ ಬಾದಾಮಿಯಲ್ಲಿ ಸುಮಾರು ಶೇಕಡ 80 ಬೆಳೆಯುವ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಮೊಡೆಸ್ಟೋ ಕಡೆ ಹೋದರೆ ರಸ್ತೆಯುದ್ದಕ್ಕೂ ಬಾದಾಮಿ ತೋಟಗಳೇ ಇರುವಾಗ, ಇವರಿಗೆ ಎಸೆನ್ಸೇ ಬೇಕಾಯ್ತು!

ಆಮೇಲೆ ಓದಿ, ನಾನೇ ಎರಡು ಸಲ ಮನೆಯಲ್ಲಿ ಮಾಡಿ ಕೆಡಿಸಿ ತಿಳಿದುಕೊಂಡಿದ್ದು ಇದು. ಮ್ಯಾಕರಾನ್ ಇಡ್ಲಿಯಲ್ಲ, ಬಿಸಿಬಿಸಿ ತಿನ್ನೋಕೆ. ಅದು ನಿನ್ನೆಯ ಹುಳಿ ಥರ, ಮಾರನೇ ದಿನವೇ ರುಚಿ. ಒಳಗೆ ಕ್ರೀಮ್ ತುಂಬಿದ ಮೇಲೆ ಒಂದು ದಿನವಾದರೂ ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಕ್ರೀಮಿನ ಪಸೆ ಚಿಪ್ಪಿನ ಒಳಭಾಗಕ್ಕೆ ಇಳಿಯುತ್ತದೆ, ಆಗ ಮೇಲೆ ತೆಳು ಗರಿ, ಒಳಗೆ ಮೆತ್ತಗೆ, ಸ್ವಲ್ಪ ಅಂಟು. ಬೆಳಿಗ್ಗೆ ತುಂಬಿ ಮಧ್ಯಾಹ್ನ ಮಾರಿದರೆ ಬತ್ತಾಸು ಕಡಿದ ಹಾಗಿರುತ್ತದೆ. ಅಂದ್ರೆ 'ಬೆಳಿಗ್ಗೆ ಮಾಡಿದ್ದು' ಅನ್ನುವ ಅಂಗಡಿಯವರಿಗೆ ಒಂದೋ ಈ ತಿಂಡಿಯೇ ಗೊತ್ತಿಲ್ಲ, ಇಲ್ಲಾ ಸುಳ್ಳು ಹೇಳ್ತಿದ್ದಾರೆ.

ನನ್ನ ಕೇಸಿನಲ್ಲಿ ಸುಳ್ಳು. ಡಬ್ಬಿ ತರಲು ಹೋದಾಗ ಹಿಂದಿನ ಬಾಗಿಲು ಅರ್ಧ ತೆರೆದಿತ್ತು, ಪ್ಲಾಸ್ಟಿಕ್ ಟ್ರೇಗಳು ಅಟ್ಟಿಯಾಗಿ ಇದ್ದವು, ಅಂಚಿನಲ್ಲಿ ಮಂಜಿನ ಪುಡಿ. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಎಲ್ಲಿಂದಲೋ ತರಿಸಿದ ಫ್ರೋಜನ್ ಮಾಲು. ಫ್ರೀಜ್ ಮಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ, ಮ್ಯಾಕರಾನ್ ಫ್ರೀಜರಿನಲ್ಲಿ ಚೆನ್ನಾಗಿಯೇ ಉಳಿಯುತ್ತದೆ, ಒಳ್ಳೆಯ ಅಂಗಡಿಗಳೂ ಮಾಡುತ್ತವೆ. ಆದರೆ ಹೇಳಬೇಕಲ್ವಾ? ಹೇಳಿದ್ದರೆ ಮುಚ್ಚಳ ತೆಗೆಯದೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ನಿಧಾನ ಕರಗಿಸುತ್ತಿದ್ದೆ. ನಾನು ಬಿಸಿಲಲ್ಲಿ ನಿಂತಿದ್ದ ಕಾರಿನೊಳಗಿಟ್ಟು 880 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ತಂದೆ. ಬೆವರದೆ ಇನ್ನೇನು.

ಫೋನ್ ಮಾಡಿದೆ. ಸ್ಪೆಷಲ್ ಆರ್ಡರಿಗೆ ದುಡ್ಡು ವಾಪಸ್ ಇಲ್ಲವಂತೆ, ಮ್ಯಾಕರಾನ್ ಸೂಕ್ಷ್ಮ ಪದಾರ್ಥವಂತೆ, ನಾನು ಸರಿಯಾಗಿ ಇಟ್ಟಿಲ್ಲವಂತೆ.

ಅದಕ್ಕೇ ಹೇಳೋದು, ಸಮಾರಂಭಕ್ಕೆ ಒಂದು ವಾರ ಇರುವಾಗಲೇ ಎರಡು ಮ್ಯಾಕರಾನ್ ಕೊಂಡು ಅಲ್ಲೇ ಅಂಗಡಿಯ ಮುಂದೆಯೇ ಒಂದನ್ನು ಒಡೆದು ನೋಡಿ. ಚಿಪ್ಪಿನ ಕೆಳಗೆ ಸುತ್ತಲೂ ಸಣ್ಣ ನೊರೆಯಂಥ ಅಂಚು ಇರಬೇಕು, ಫ್ರೆಂಚರು ಅದನ್ನು ಪಾದ ಅಂತಲೇ ಕರೆಯುತ್ತಾರೆ. ಒಳಗೆ ಪೊಳ್ಳಿರಬಾರದು. ಯಾವಾಗ ತುಂಬಿದ್ದು ಅಂತ ಕೇಳಿ, 'ನಿನ್ನೆ' ಅಂದ್ರೆ ಖುಷಿಪಡಿ. ಮತ್ತೆ, ಮ್ಯಾಕರೂನ್ ಅಂತ ಕೇಳಬೇಡಿ, ಕೊಬ್ಬರಿ ಉಂಡೆ ಕೈಗೆ ಬರುತ್ತೆ.

ನನಗೆ ಕೊನೆಗೆ ಹಿಡಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಹೇಯ್ಸ್ ವ್ಯಾಲಿ ಬಡಾವಣೆಯ ಶಾಂಟಾಲ್ ಗಿಯೋಂ ಅನ್ನುವ ಮ್ಯಾಕರಾನ್ ಅಂಗಡಿ. ಸಕ್ಕರೆ ಮುಂದೆ ಬರಲ್ಲ, ಪಿಸ್ತಾ ಅಂದ್ರೆ ಪಿಸ್ತಾ. ಪಾರ್ಕಿಂಗ್ ಮಾತ್ರ ದೇವರೇ ಗತಿ. ಅಷ್ಟು ದೂರ ಯಾಕೆ ಅನ್ನುವವರಿಗೆ ಟ್ರೇಡರ್ ಜೋಸ್ ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲಿ 12ರ ಡಬ್ಬಿ ಸಿಗುತ್ತದೆ, ವೆನಿಲಾ ಮತ್ತು ಚಾಕೊಲೇಟ್. ಮಹಾ ರುಚಿ ಅಂತೇನಲ್ಲ, ಆದರೆ ಫ್ರೋಜನ್ ಅಂತ ಮುಖದ ಮೇಲೇ ಬರೆದಿದೆ, ಏನೇನು ಹಾಕಿದ್ದಾರೆ ಅಂತಲೂ ಬರೆದಿದೆ, ಬೆಲೆ ಅರ್ಧಕ್ಕಿಂತ ಕಡಿಮೆ.

ಅಂದಹಾಗೆ, ಮೂರು ಸಲ ಇಮೇಲ್ ಬರೆದ ಮೇಲೆ ಆ ಅಂಗಡಿಯವರು ಹತ್ತು ಡಾಲರಿನ ಕೂಪನ್ ಕಳಿಸಿದರು. ಮೂರು ಮ್ಯಾಕರಾನ್ ಬರುತ್ತೆ. ಯಾರಿಗಾದರೂ ಕೊಡೋಣ ಅಂದ್ರೆ, ಕೊಡುವಷ್ಟು ಸಿಟ್ಟು ನನಗೆ ಯಾರ ಮೇಲೂ ಇಲ್ಲ.