ಮಡಚೋ ವೀಲ್‌ಚೇರಾ, ಬ್ಯಾಟರಿದಾ? ಸಿಂಗಪುರ, ಲಂಡನ್ ತಿರುಗಿದ ಮೇಲೆ

ಧಾರವಾಡದಲ್ಲಿ ನನ್ನ ಹತ್ತಿರ ಎರಡೂ ಇವೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಚಿಗರಿ ಬಸ್ಸಿಗೆ ಬ್ಯಾಟರಿ ಕುರ್ಚಿ. ಸ್ಟೇಷನ್ನಿನ ರ‍್ಯಾಂಪ್ ಏರಿದರೆ ಸಾಕು, ಬಸ್ಸಿನ ನೆಲ ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಬರುತ್ತದೆ. ಲೈನ್ ಬಜಾರಿನ ಗದ್ದಲಕ್ಕೆ ಮಡಚೋ ಕುರ್ಚಿ, ತಳ್ಳೋಕೆ ತಮ್ಮ. ವಿದೇಶಕ್ಕೆ ಮಾತ್ರ ಒಂದನ್ನೇ ಆರಿಸಬೇಕು. ಸಿಂಗಪುರಕ್ಕೆ ಬ್ಯಾಟರಿದನ್ನು ಒಯ್ದೆ, ಲಂಡನ್ನಿಗೆ ಮಡಚೋದನ್ನು.

ಏರ್‌ಪೋರ್ಟಿನಲ್ಲಿ ತಲೆನೋವು ಜಾಸ್ತಿ ಬ್ಯಾಟರಿದೇ. ಬಿಚ್ಚಿ ತೆಗೆಯೋ ಲಿಥಿಯಂ ಬ್ಯಾಟರಿ ಒಂದೇ ಇದ್ದರೆ 300 ವಾಟ್-ಅವರ್‌ವರೆಗೆ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನೋ ಅಳತೆ) ಬಿಡುತ್ತಾರೆ, ಎರಡಿದ್ದರೆ ತಲಾ 160. ವಿಮಾನ ಕಂಪನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಬಿಚ್ಚಿದ ಬ್ಯಾಟರಿ ಲಗೇಜಿಗಲ್ಲ, ನಮ್ಮ ಜೊತೆ ಕ್ಯಾಬಿನ್ನಿಗೆ. ನನ್ನದರ ಮೇಲೆ 24 ವೋಲ್ಟ್, 10 ಆಂಪಿಯರ್-ಅವರ್ ಅಂತ ಮಾತ್ರ ಇತ್ತು. ಕೌಂಟರಿನ ಹುಡುಗ "ವಾಟ್-ಅವರ್ ಎಲ್ಲಿದೆ ಮೇಡಂ?" ಅಂದ. ಎರಡನ್ನೂ ಗುಣಿಸಿ 240 ಅಂತ ಮೊಬೈಲಿನಲ್ಲಿ ತೋರಿಸಿದೆ. ಅವನು ಮೇಲಿನವರನ್ನು ಕರೆದ. ಅವರೂ ಗುಣಿಸಿದರು. ಇನ್ನೊಬ್ಬರು ಬಂದರು, ಮತ್ತೆ ಗುಣಾಕಾರ. ಸುಮ್ನೆ ಕೂತು ನೋಡಿದೆ.

ಮಡಚೋದಕ್ಕೆ ಈ ಗೋಳಿಲ್ಲ. ಟ್ಯಾಗ್ ಕಟ್ಟಿದರು, ವಿಮಾನದ ಬಾಗಿಲವರೆಗೆ ಅದರಲ್ಲೇ ಹೋದೆ. ಆದರೆ ಇಳಿದಾಗ ಫುಟ್‌ರೆಸ್ಟ್ ಬಾಗಿತ್ತು. ಹಾಗಾದರೆ ಫೋಟೋ ತೆಗೆದು ಅಲ್ಲೇ ದೂರು ಬರೆಸಿ, ಹೊರಗೆ ಬಂದ ಮೇಲೆ ಕಷ್ಟ.

ಸಿಂಗಪುರದ ಮೆಟ್ರೋ ರೈಲು ಎಂಆರ್‌ಟಿಯ ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ. ಬಸ್ಸಿನಲ್ಲಿ ಡ್ರೈವರೇ ಎದ್ದು ಬಂದು ರ‍್ಯಾಂಪ್ ಬಿಡಿಸುತ್ತಾರೆ. ಲಿಟಲ್ ಇಂಡಿಯಾದ ಹಳೇ ಅಂಗಡಿಗಳ ಮುಂದಿನ ಜಗಲಿ ಮಾತ್ರ ಏರುತಗ್ಗು, ಅಲ್ಲಿ ಬ್ಯಾಟರಿ ಕುರ್ಚಿ ಸೋಲುತ್ತದೆ. ಉಳಿದ ಕಡೆ ಅದೇ ರಾಜ. ಹೂವಿನ ಅಂಗಡಿ ಕಂಡರೆ ನಿಂತೆ, ಬೇಜಾರಾದರೆ ಹೊರಟೆ. ಯಾರನ್ನೂ "ಸ್ವಲ್ಪ ಹಿಂದಕ್ಕೆ ತಗೊ" ಅನ್ನಬೇಕಾಗಲಿಲ್ಲ.

ಲಂಡನ್ನಿನ ಅಂಡರ್‌ಗ್ರೌಂಡ್ ರೈಲು 1863ರದ್ದು. ಮೆಟ್ಟಿಲು ಹತ್ತದೆ ಹೋಗಬಹುದಾದ ಸ್ಟೇಷನ್‌ಗಳು ಮೂರರಲ್ಲಿ ಒಂದರಷ್ಟೇ. ಹಾಗಾಗಿ ಬಸ್ಸೇ ಗತಿ, ಎಲ್ಲದಕ್ಕೂ ರ‍್ಯಾಂಪ್ ಇದೆ. ಕಪ್ಪು ಟ್ಯಾಕ್ಸಿಗೂ ಇದೆ, ಬಾಡಿಗೆ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ. ನಾವು ಉಳಿದ ಬಂಧುಗಳ ಮನೆ ಬಾಗಿಲಿಗೇ ಮೆಟ್ಟಿಲು. ಇಬ್ಬರು ಹಿಡಿದು ನನ್ನನ್ನು ಕುರ್ಚಿ ಸಮೇತ ಒಳಗಿಟ್ಟರು. ಬ್ಯಾಟರಿದಾಗಿದ್ದರೆ ಬೀದಿಯಲ್ಲೇ ಇರಬೇಕಿತ್ತು. ಆದರೆ ತಳ್ಳೋರು ಹಿಂದಿದ್ದರೆ ಲಂಡನ್ನಿಗರೂ ನಮ್ಮೂರಿನವರೇ. ಕಾಫಿ ಅಂಗಡಿಯಾಕೆ ನನ್ನ ತಲೆಯ ಮೇಲಿಂದ ತಮ್ಮನನ್ನು ನೋಡಿ "ಇವರಿಗೆ ಸಕ್ಕರೆ ಬೇಕಾ?" ಅಂತ ಕೇಳಿದಳು. ಬ್ಯಾಟರಿ ಕುರ್ಚಿಯಲ್ಲಿ ಈ ಪ್ರಶ್ನೆ ನನಗೇ ಬರುತ್ತಿತ್ತು, ಸಿಂಗಪುರದಲ್ಲಿ ಬಂದಿತ್ತು ಕೂಡ.

ಉಳಿಯೋ ಮನೆಗೆ ಮೆಟ್ಟಿಲಿದ್ದರೆ ಮಡಚೋದು, ವಾದವೇ ಇಲ್ಲ. ಲಿಫ್ಟ್ ಇರೋ ಹೋಟೆಲ್ ಆದರೆ ಎಷ್ಟು ಗುಣಾಕಾರ ಮಾಡಿಸಿದರೂ ನನ್ನ ಓಟು ಬ್ಯಾಟರಿಗೆ. ಮುಂದೆ ದುಬೈ ಆಸೆ ಇದೆ, ಅಲ್ಲಿನ ಮೆಟ್ರೋ ಸ್ಟೇಷನ್‌ಗಳಿಗೂ ಲಿಫ್ಟ್ ಇದೆ. ಚಾರ್ಜರಿಗೆ ಸಿಂಗಪುರದಲ್ಲಿ ಕೊಂಡ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರೇ ನಡೆಯುತ್ತದೆ. ತಮ್ಮನೂ ಬರುತ್ತಾನಂತೆ, ಬ್ಯಾಗ್ ಹೊರೋಕೆ.